ಮೀಟರ್‌ನಲ್ಲಿ ಕರೆಂಟ್ ಜಾಸ್ತಿ ಇದ್ದರೆ ಚಿಮಣಿ ಚೊಕ್ಕ ಅಂತಲ್ಲ

ಥರ್ಮಲ್ ಪ್ಲಾಂಟ್‌ನಲ್ಲಿ ಚಿಮಣಿಯಿಂದ ಬೂದಿ ಕಾಣಿಸಿಕೊಂಡ ಕೂಡಲೇ ಕಂಟ್ರೋಲ್ ರೂಮಿನಿಂದ ಬರುವ ಮೊದಲ ಮಾತು ಒಂದೇ: "ಇಎಸ್‌ಪಿ ಕರೆಂಟ್ ಏರಿಸಿ." ನಮ್ಮ ದೇಶದ ಕಲ್ಲಿದ್ದಲಿಗೆ ಈ ಸಲಹೆ ಬಹಳ ಸಲ ಉಲ್ಟಾ ಹೊಡೆಯುತ್ತದೆ. ಕರೆಂಟ್ ಇಳಿಸಿದಾಗ ಹೊಗೆ ಕಮ್ಮಿಯಾಗುವುದನ್ನು ಕಣ್ಣಾರೆ ನೋಡಿದವರಿಗೂ ಅದನ್ನು ಮೇಲಿನವರಿಗೆ ಒಪ್ಪಿಸುವುದು ಕಷ್ಟ. ಅದಕ್ಕೇ ಈ ಪೋಸ್ಟ್.

ಗೊತ್ತಿಲ್ಲದವರಿಗೆ ಎರಡು ಮಾತು. ಇಎಸ್‌ಪಿ ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್. ಬಾಯ್ಲರ್‌ನಿಂದ ಹೊರಟ ಹೊಗೆ ಚಿಮಣಿ ಸೇರುವ ಮೊದಲು ಅದರಲ್ಲಿರುವ ಬೂದಿಯನ್ನು ಹಿಡಿಯುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೆ ಸಾಲು ಸಾಲಾಗಿ ಎತ್ತರದ ತಗಡಿನ ಪ್ಲೇಟ್‌ಗಳು, ಅವುಗಳ ನಡುವೆ ತಂತಿಗಳು. ಪ್ಲೇಟ್ ಅರ್ಥ್ ಆಗಿರುತ್ತದೆ, ತಂತಿಗೆ ಮೈನಸ್ 40–60 ಸಾವಿರ ವೋಲ್ಟ್ ಕೊಡುತ್ತೇವೆ. ತಂತಿಯ ಸುತ್ತ ಕೊರೋನಾ, ಅಂದರೆ ಗಾಳಿಯನ್ನೇ ಅಯಾನುಗಳಾಗಿ ಒಡೆಯುವ ಸಣ್ಣ ವಿದ್ಯುತ್ ಸೋರಿಕೆ, ಹುಟ್ಟುತ್ತದೆ (ಆ ವೈರಸ್ ಬರುವುದಕ್ಕೆ ನೂರು ವರ್ಷ ಮೊದಲಿಂದಲೂ ನಮ್ಮ ಕೊರೋನಾ ಇದೆ), ಬೂದಿಯ ಕಣಕ್ಕೆ ಚಾರ್ಜ್ ಹತ್ತುತ್ತದೆ, ಕಣ ಪ್ಲೇಟ್‌ಗೆ ಹೋಗಿ ಅಂಟುತ್ತದೆ. ಆಮೇಲೆ ಸುತ್ತಿಗೆಯಿಂದ ಪ್ಲೇಟ್‌ಗೆ ಹೊಡೆದರೆ ಬೂದಿ ಕೆಳಗಿನ ಹಾಪರ್‌ಗೆ (ಆಲಿಕೆಯಾಕಾರದ ತೊಟ್ಟಿಗೆ) ಬೀಳುತ್ತದೆ. ಈ ಹೊಡೆಯೋ ಕೆಲಸಕ್ಕೆ ರಾಪಿಂಗ್ ಅಂತೀವಿ.

ಎಷ್ಟು ಬೂದಿ ಅಂತ ಒಂದು ಅಂದಾಜು ಬೇಕಲ್ವಾ? ರಾಯಚೂರಿನ ಶಕ್ತಿನಗರದಲ್ಲಿರುವಂಥ 210 ಮೆಗಾವ್ಯಾಟ್‌ನ ಒಂದು ಯೂನಿಟ್ ತಗೊಳ್ಳಿ. ಪೂರ್ತಿ ಲೋಡ್‌ನಲ್ಲಿ ಅಂಥ ಯೂನಿಟ್ ಗಂಟೆಗೆ ಸುಮಾರು 140 ಟನ್ ಕಲ್ಲಿದ್ದಲು ಉರಿಸುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ 35ರಿಂದ 45 ಪರ್ಸೆಂಟ್ ಬೂದಿಯೇ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹೊಗೆಯ ಜೊತೆ ಹಾರಿ ಬರುತ್ತದೆ. ಅಂದರೆ ಗಂಟೆಗೆ ಸುಮಾರು 40ರಿಂದ 50 ಟನ್. ಒಂದು ಘನ ಮೀಟರ್ ಹೊಗೆಯಲ್ಲಿ 50 ಗ್ರಾಂ ಆಸುಪಾಸು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ತಂದ ನಿಯಮದ ಪ್ರಕಾರ ಹಳೇ ಯೂನಿಟ್‌ಗಳಿಗೆ ಘನ ಮೀಟರ್‌ಗೆ 100 ಮಿಲಿಗ್ರಾಂ, 2004ರಿಂದ 2016ರ ನಡುವಿನವಕ್ಕೆ 50, ಆಮೇಲಿನವಕ್ಕೆ 30 ಮಿಲಿಗ್ರಾಂ ಮಿತಿ. 50 ಗ್ರಾಂ ಬಂದದ್ದರಲ್ಲಿ 50 ಮಿಲಿಗ್ರಾಂ ಮಾತ್ರ ಹೊರಗೆ ಹೋಗಬೇಕು ಅಂದರೆ ಸಾವಿರದಲ್ಲಿ ಒಂದು ಪಾಲು.

ಈಗ ಅಸಲಿ ತೊಂದರೆಗೆ ಬರೋಣ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ಕಮ್ಮಿ, ಅರ್ಧ ಪರ್ಸೆಂಟ್ ಸುತ್ತಮುತ್ತ ಅಷ್ಟೇ. ಗಂಧಕ ಕಮ್ಮಿ ಇದ್ದರೆ ಒಳ್ಳೇದೇ ಅಲ್ವಾ ಅಂತ ಕೇಳಬಹುದು. ಗಾಳಿಗೆ ಒಳ್ಳೇದು, ಇಎಸ್‌ಪಿಗೆ ಕೆಟ್ಟದ್ದು. ಗಂಧಕ ಉರಿದು ಬರುವ ಸ್ವಲ್ಪ ಆಮ್ಲದ ಆವಿ ಬೂದಿಯ ಮೈಮೇಲೆ ಕೂತರೆ ಕರೆಂಟ್ ಸರಾಗವಾಗಿ ಹರಿಯುತ್ತದೆ. ಅದಿಲ್ಲದ ಬೂದಿ ಕರೆಂಟ್ ಬಿಟ್ಟುಕೊಡುವುದಿಲ್ಲ. ಅದರ ರೆಸಿಸ್ಟಿವಿಟಿ (ಕರೆಂಟ್ ತಡೆಯುವ ಗುಣ) ಒಂದರ ಮುಂದೆ 12 ಸೊನ್ನೆ ಹಾಕಿದಷ್ಟು ಓಮ್-ಸೆಂಟಿಮೀಟರ್, ಕೆಲವು ಸಲ 13 ಸೊನ್ನೆ. ಅದೂ ಇಎಸ್‌ಪಿ ಕೆಲಸ ಮಾಡುವ 130–150 ಡಿಗ್ರಿಯ ಹತ್ತಿರವೇ ಅದು ಅತಿ ಹೆಚ್ಚು. ನಮ್ಮ ಗ್ರಹಚಾರ.

ಲೆಕ್ಕ ಹಾಕಿ ನೋಡಿ, ಕಷ್ಟವೇನಿಲ್ಲ. ಬೂದಿ ಪದರದೊಳಗಿನ ವಿದ್ಯುತ್ ಫೀಲ್ಡ್ (ಸೆಂಟಿಮೀಟರ್‌ಗೆ ಎಷ್ಟು ವೋಲ್ಟ್) ಅಂದರೆ ಅದರಲ್ಲಿ ಹರಿಯುವ ಕರೆಂಟ್ ಡೆನ್ಸಿಟಿಯನ್ನು ರೆಸಿಸ್ಟಿವಿಟಿಯಿಂದ ಗುಣಿಸಿದ್ದು. 1000 ಮಿಲಿಆಂಪ್‌ನ ಒಂದು ಟಿಆರ್ ಸೆಟ್ (ತಂತಿಗೆ ಹೈ ವೋಲ್ಟೇಜ್ ಡಿಸಿ ಕೊಡುವ ಟ್ರಾನ್ಸ್‌ಫಾರ್ಮರ್-ರೆಕ್ಟಿಫೈಯರ್) 4000 ಚದರ ಮೀಟರ್ ಪ್ಲೇಟ್‌ಗೆ ಕರೆಂಟ್ ಕೊಡುತ್ತಿದೆ ಅಂತಿಟ್ಟುಕೊಳ್ಳಿ. ಚದರ ಮೀಟರ್‌ಗೆ ಕಾಲು ಮಿಲಿಆಂಪ್ ಆಯಿತು. 12 ಸೊನ್ನೆಯ ಬೂದಿಯಲ್ಲಿ ಅಷ್ಟು ಕರೆಂಟ್ ಹರಿದರೆ ಸೆಂಟಿಮೀಟರ್‌ಗೆ 25 ಸಾವಿರ ವೋಲ್ಟ್ ಬೀಳಬೇಕು. ಆದರೆ ಬೂದಿ ಪದರ ಸೆಂಟಿಮೀಟರ್‌ಗೆ 10–20 ಸಾವಿರ ವೋಲ್ಟಿಗೇ ಒಡೆದುಹೋಗುತ್ತದೆ. ಒಡೆದ ಜಾಗದಲ್ಲಿ ಪ್ಲೇಟ್ ಕಡೆಯಿಂದಲೇ ಪ್ಲಸ್ ಅಯಾನುಗಳು ಹೊರಟು, ತಂತಿಯಿಂದ ಮೈನಸ್ ಚಾರ್ಜ್ ಹತ್ತಿಸಿಕೊಂಡು ಬರುತ್ತಿರುವ ಕಣಗಳ ಚಾರ್ಜನ್ನು ಅಳಿಸಿಬಿಡುತ್ತವೆ. ಇದೇ ಬ್ಯಾಕ್ ಕೊರೋನಾ. ಆಗ ಮೀಟರ್‌ನಲ್ಲಿ ಕರೆಂಟ್ ಚೆನ್ನಾಗಿ ಕಾಣುತ್ತದೆ, ಯಾಕಂದರೆ ಎರಡೂ ಕಡೆಯಿಂದ ಹರಿಯುತ್ತಿದೆ! ಕೆಲಸ ಮಾತ್ರ ಆಗುವುದಿಲ್ಲ. 13 ಸೊನ್ನೆಯ ಬೂದಿಯಾದರೆ ಕರೆಂಟ್ ಇಪ್ಪತ್ತನೇ ಒಂದು ಪಾಲಿಗೆ ಇಳಿಸಬೇಕಾದೀತು.

ಇದು ಹಳೇ ಕಾಯಿಲೆ. 1885ರಲ್ಲಿ ಆಲಿವರ್ ಲಾಡ್ಜ್ ವೇಲ್ಸ್‌ನ ಬ್ಯಾಗಿಲ್ಟ್ ಅನ್ನುವ ಊರಿನ ಸೀಸದ ಕಾರ್ಖಾನೆಯಲ್ಲಿ ಇದೇ ಉಪಾಯ ಹೂಡಿದ್ದರು. ಕೈಗೂಡಲಿಲ್ಲ. ಅವರ ಕೈಯಲ್ಲಿದ್ದದ್ದು ವಿಮ್ಸ್‌ಹರ್ಸ್ಟ್ ಯಂತ್ರ (ತಟ್ಟೆ ತಿರುಗಿಸಿ ಸ್ಥಿರ ವಿದ್ಯುತ್ ಹುಟ್ಟಿಸುವ ಯಂತ್ರ), ಅದರ ಕರೆಂಟ್ ಏನಕ್ಕೂ ಸಾಲದು, ಮೇಲೆ ಸೀಸದ ಹೊಗೆಯ ಧೂಳು ಕೂಡ ನಮ್ಮ ಬೂದಿಯ ಜಾತಿಯದ್ದೇ. 1908ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್ ಪೇಟೆಂಟ್ ತೆಗೆದುಕೊಂಡಾಗ ಅವರಿಗೆ ಟ್ರಾನ್ಸ್‌ಫಾರ್ಮರ್ ಇತ್ತು, ತಿರುಗುವ ಮೆಕ್ಯಾನಿಕಲ್ ರೆಕ್ಟಿಫೈಯರ್ ಇತ್ತು, ಹಿಡಿಯಬೇಕಾಗಿದ್ದದ್ದು ಗಂಧಕದ ಆಮ್ಲದ ಮಂಜು. ಪುಣ್ಯವಂತರು.

ಹಾಗಾದರೆ ಕರೆಂಟ್ ಸುಮ್ನೆ ಇಳಿಸಿಬಿಟ್ಟರೆ ಆಯಿತಾ? ಪೂರ್ತಿ ಅಲ್ಲ. ಕರೆಂಟ್ ಇಳಿಸಿದರೆ ವೋಲ್ಟೇಜ್ ಕೂಡ ಇಳಿಯುತ್ತದೆ, ಕಣಕ್ಕೆ ಚಾರ್ಜ್ ಹತ್ತಿಸಲು ಪೀಕ್ ವೋಲ್ಟೇಜ್ (ಏರಿಳಿತದ ತುತ್ತತುದಿ) ಬೇಕು. ಇಲ್ಲಿ ಒಂದು ಚೆಂದದ ಉಪಾಯ ಇದೆ. 50 ಹರ್ಟ್ಸ್ ಸಪ್ಲೈನಲ್ಲಿ ಸೆಕೆಂಡಿಗೆ 100 ಅರ್ಧ ಸೈಕಲ್. ಕರೆಂಟ್ ಬಿಡುವ ಸ್ವಿಚ್ ಆದ ಥೈರಿಸ್ಟರ್‌ಗೆ ಎಲ್ಲ ಅರ್ಧ ಸೈಕಲ್‌ಗೂ ಫೈರ್ ಮಾಡಬೇಡ, ಒಂದನ್ನು ಹರಿಯಬಿಡು, ಎರಡನ್ನು ತಡಿ ಅಂತ ಹೇಳುವುದು. ಪ್ಲೇಟ್-ತಂತಿಯ ಜೋಡಿಯೇ ಒಂದು ಕೆಪಾಸಿಟರ್ ಆದ್ದರಿಂದ ನಡುವೆ ವೋಲ್ಟೇಜ್ ಮೆಲ್ಲಗೆ ಇಳಿಯುತ್ತದೆ, ಪೂರ್ತಿ ಬೀಳುವುದಿಲ್ಲ. ಪೀಕ್ ಸಿಗುತ್ತದೆ, ಸರಾಸರಿ ಕರೆಂಟ್ ಬೀಳುತ್ತದೆ. ಇದಕ್ಕೆ ಚಾರ್ಜ್ ರೇಶಿಯೋ ಅಂತೀವಿ: ಮೂರಕ್ಕೊಂದು, ಐದಕ್ಕೊಂದು, ಏಳಕ್ಕೊಂದು. ಯಾವಾಗಲೂ ಬೆಸ ಸಂಖ್ಯೆಯೇ ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ನಾಲ್ಕಕ್ಕೊಂದು ಅಂತ ಕೊಟ್ಟರೆ ಪ್ರತಿ ಸಲವೂ ಒಂದೇ ಕಡೆಯ ಅರ್ಧ ಸೈಕಲ್ ಸಿಗುತ್ತದೆ, ಟ್ರಾನ್ಸ್‌ಫಾರ್ಮರ್ ಕೋರ್ ಒಂದೇ ದಿಕ್ಕಿಗೆ ಸ್ಯಾಚುರೇಟ್ ಆಗುತ್ತದೆ. ಬೆಸ ಆದರೆ ಪ್ಲಸ್ಸು ಮೈನಸ್ಸು ಸರದಿಯಲ್ಲಿ ಬರುತ್ತವೆ.

ಈಗ ಎಲ್ಲರ ಬಾಯಲ್ಲೂ ಹೈ ಫ್ರೀಕ್ವೆನ್ಸಿ ಟಿಆರ್ ಸೆಟ್. ಹಳೇ ಸಿಂಗಲ್ ಫೇಸ್ ಸೆಟ್‌ನಲ್ಲಿ ವೋಲ್ಟೇಜ್ ಏರಿಳಿತ ದೊಡ್ಡದು, ಸ್ಪಾರ್ಕ್ ಆಗುವುದು ಪೀಕ್‌ನಲ್ಲಿ, ಹಾಗಾಗಿ ಸರಾಸರಿ ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಹೊಸ ಸೆಟ್ 20 ಕಿಲೋಹರ್ಟ್ಸ್ ಮೇಲೆ ಸ್ವಿಚ್ ಆಗುವುದರಿಂದ ಸರಾಸರಿಯೂ ಪೀಕ್ ಹತ್ತಿರಕ್ಕೇ ಬರುತ್ತದೆ. ಬೂದಿ ಜಾಸ್ತಿ ಇರುವ, ಸ್ಪಾರ್ಕ್‌ನಿಂದಲೇ ವೋಲ್ಟೇಜ್ ಏರದ ಮೊದಲ ಫೀಲ್ಡ್‌ಗಳಲ್ಲಿ (ಹೊಗೆ ಒಂದಾದ ಮೇಲೊಂದು ದಾಟುವ ಇಎಸ್‌ಪಿಯ ವಿಭಾಗಗಳಿಗೂ ನಾವು ಫೀಲ್ಡ್ ಅಂತೀವಿ) ಇದು ನಿಜಕ್ಕೂ ಒಳ್ಳೇ ಮಾಲು. ಬ್ಯಾಕ್ ಕೊರೋನಾ ಇರುವ ಫೀಲ್ಡ್‌ಗೆ ಹಾಕಿ ಸಮನಾದ ಡಿಸಿ ಕೊಟ್ಟರೆ ದುಡ್ಡು ದಂಡ. ಅಲ್ಲಿ ಅದನ್ನೂ ಪಲ್ಸ್ ಮೋಡ್‌ನಲ್ಲಿ, ಅಂದರೆ ಬಿಟ್ಟು ಬಿಟ್ಟು, ಓಡಿಸಬೇಕು. ಮಾರಲು ಬರುವವರು ಈ ಎರಡನೇ ಮಾತನ್ನು ಮೆಲ್ಲಗೆ ಹೇಳುತ್ತಾರೆ.

ಆದರೆ ಹೊಸ ಟಿಆರ್ ಸೆಟ್ ಕೇಳುವ ಮುಂಚೆ ಸುತ್ತಿಗೆ ನೋಡಿ ಅಂತಲೇ ನನ್ನ ವಾದ.

ಪದರ ದಪ್ಪ ಆದಷ್ಟೂ ಅದರಲ್ಲೇ ವೋಲ್ಟೇಜ್ ತಿಂದುಹೋಗುತ್ತದೆ. ಒಂದು ಸೆಂಟಿಮೀಟರ್ ಬೂದಿ ಕೂತರೆ 10 ಸಾವಿರ ವೋಲ್ಟ್ ಅಲ್ಲೇ ಮಾಯ. ಅಂದಮೇಲೆ ರಾಪಿಂಗ್ ಬೇರೆ, ಹೈ ವೋಲ್ಟೇಜ್ ಬೇರೆ ಅನ್ನುವುದೇ ತಪ್ಪು. ನಮ್ಮಲ್ಲಿ ಒಂದು ಮೆಕ್ಯಾನಿಕಲ್‌ನವರದು, ಇನ್ನೊಂದು ಎಲೆಕ್ಟ್ರಿಕಲ್‌ನವರದು, ಇಬ್ಬರೂ ಬೇರೆ ಬೇರೆ ಪರ್ಮಿಟ್ ತೆಗೆದುಕೊಂಡು ಬೇರೆ ಬೇರೆ ದಿನ ಬರುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಟಂಬ್ಲಿಂಗ್ ಹ್ಯಾಮರ್. ಉದ್ದದ ಶಾಫ್ಟ್ ಮೇಲೆ ಸಾಲಾಗಿ, ಒಂದೊಂದೂ ಬೇರೆ ಕೋನದಲ್ಲಿ, ಸುತ್ತಿಗೆಗಳು. ಗೇರ್ ಮೋಟರ್ ನಿಧಾನಕ್ಕೆ ತಿರುಗಿಸುತ್ತದೆ, ಸುತ್ತಿಗೆ ಮೇಲಕ್ಕೇರಿ ಮಗುಚಿ ಶಾಕ್ ಬಾರ್‌ನ (ಪ್ಲೇಟ್‌ಗಳಿಗೆ ಏಟು ಮುಟ್ಟಿಸುವ ಪಟ್ಟಿಯ) ತುದಿಗೆ ಬಡಿಯುತ್ತದೆ. ಪ್ಲೇಟ್‌ಗೂ ಇದೆ, ತಂತಿಯ ಫ್ರೇಮ್‌ಗೂ ಇದೆ. ತಂತಿಯದ್ದರಲ್ಲಿ ಶಾಫ್ಟ್ ಹೈ ವೋಲ್ಟೇಜ್‌ನಲ್ಲಿರುತ್ತದೆ, ಮೋಟರ್ ಹೊರಗೆ ಅರ್ಥ್‌ನಲ್ಲಿ, ನಡುವೆ ಒಂದು ಪಿಂಗಾಣಿಯ ಶಾಫ್ಟ್ ಇನ್ಸುಲೇಟರ್. ಅದು ಮುರಿದರೆ ಮೋಟರ್ ಹೊರಗೆ ಆರಾಮಾಗಿ ತಿರುಗುತ್ತಲೇ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಸಿರು ದೀಪ. ಒಳಗೆ ಒಂದೂ ಏಟು ಬೀಳುತ್ತಿರುವುದಿಲ್ಲ. ಹಾಗಾಗಿ ದೀಪ ನಂಬಬೇಡಿ, ಇಎಸ್‌ಪಿ ಮೇಲೆ ಹೋಗಿ ಕಿವಿಗೊಟ್ಟು ಏಟು ಎಣಿಸಿ. ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಸುತ್ತಿಗೆ ಇದೆಯೋ ಅಷ್ಟು ಏಟು ಕೇಳಬೇಕು. ಒಂದು ಕಮ್ಮಿಯಾದರೆ ಯಾವುದೋ ಸುತ್ತಿಗೆ ಕಳಚಿ ಹಾಪರ್ ಸೇರಿದೆ ಅಂತಲೇ ಅನುಮಾನ ಪಡಿ.

ಹಾಗಂತ ಹೊಡೆಯುತ್ತಲೇ ಇರಬೇಕು ಅಂತಲ್ಲ. ಬೂದಿ ಹಪ್ಪಳದ ಹಾಗೆ ಹಾಳೆ ಹಾಳೆಯಾಗಿ ಕೆಳಗೆ ಜಾರಬೇಕು. ಪದರ ಕಟ್ಟುವ ಮೊದಲೇ ಹೊಡೆದರೆ ಪುಡಿಯಾಗಿ ಹೊಗೆಗೇ ವಾಪಸ್ಸು. ಮೊದಲ ಫೀಲ್ಡ್‌ನಲ್ಲಿ ಬೂದಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಕೂರುತ್ತದೆ, ಅಲ್ಲಿ ಕೆಲವು ನಿಮಿಷಕ್ಕೊಮ್ಮೆ ಹೊಡೆಯಬೇಕು. ಕೊನೇ ಫೀಲ್ಡ್‌ಗೆ ಗಂಟೆಗೊಮ್ಮೆಯೋ ಇನ್ನೂ ಅಪರೂಪವೋ ಸಾಕು. ಕೊನೇದರಿಂದ ಎದ್ದ ಬೂದಿಯನ್ನು ಹಿಡಿಯಲು ಅದರ ಹಿಂದೆ ಯಾರೂ ಇಲ್ಲ, ನೇರ ಚಿಮಣಿಗೆ. ಚಿಮಣಿ ಹೊಗೆಯ ದಟ್ಟಣೆ ಅಳೆಯುವ ಒಪಾಸಿಟಿ ಮೀಟರ್‌ನಲ್ಲಿ ಸಮನಾದ ಅಂತರಕ್ಕೆ ಮೊನೆ ಮೊನೆಯಾಗಿ ಏರುವುದು ಕಂಡರೆ ಅದು ರಾಪಿಂಗ್ ಟೈಮರ್‌ನದ್ದೇ ಕೆಲಸ. ಒಂದರ ಹಿಂದೊಂದು ಇರುವ ಎರಡು ಫೀಲ್ಡ್ ಒಟ್ಟಿಗೆ ಹೊಡೆಯಬಾರದು. ರೆಸಿಸ್ಟಿವಿಟಿ ಜಾಸ್ತಿ ಇರುವ ಬೂದಿಯನ್ನು ಪ್ಲೇಟ್‌ಗೆ ಅಂಟಿಸಿಟ್ಟಿರುವುದು ಕರೆಂಟೇ, ಹಾಗಾಗಿ ಅದು ಎಷ್ಟು ಬಡಿದರೂ ಬೀಳದಿದ್ದರೆ ಆ ಒಂದು ಫೀಲ್ಡ್‌ನ ವೋಲ್ಟೇಜ್ ಇಳಿಸಿ ಹೊಡೆಯುವುದುಂಟು. ಒಂದೇ ಫೀಲ್ಡ್, ನೆನಪಿರಲಿ.

ಮೀಟರ್ ಓದುವುದು ಅಷ್ಟೇನೂ ದೊಡ್ಡ ವಿದ್ಯೆಯಲ್ಲ. ಕೆವಿ (ಸಾವಿರ ವೋಲ್ಟ್) ಜಾಸ್ತಿ, ಮಿಲಿಆಂಪ್ ಕಮ್ಮಿ ಅಂದರೆ ತಂತಿಗೆ ಬೂದಿ ಮೆತ್ತಿದೆ, ಅಂದರೆ ತಂತಿಯ ರಾಪಿಂಗ್ ನೋಡಿ. ಮೊದಲ ಫೀಲ್ಡ್ ಆದರೆ ಬೂದಿಯ ದಟ್ಟಣೆಯೇ ಕಾರಣ ಇರಬಹುದು. ಕೆವಿ ಸೊನ್ನೆ, ಮಿಲಿಆಂಪ್ ಪೂರ್ತಿ ಅಂದರೆ ಒಳಗೆ ಶಾರ್ಟ್: ಒಂದೋ ತಂತಿ ತುಂಡಾಗಿ ಪ್ಲೇಟ್ ಮುಟ್ಟಿದೆ, ಇಲ್ಲವೇ ಹಾಪರ್ ತುಂಬಿ ಬೂದಿ ತಂತಿಯವರೆಗೆ ಬಂದಿದೆ. ಹಾಪರ್ ಕಥೆ ಹೇಳಲು ಹೋದರೆ ಇನ್ನೊಂದು ಪೋಸ್ಟೇ ಬೇಕು, ಹೀಟರ್ ಕೆಟ್ಟಿರುತ್ತದೆ, ಎಲ್ಲಿಂದಲೋ ತಣ್ಣನೆ ಗಾಳಿ ಸೇರಿ ಬೂದಿ ಗಟ್ಟಿಯಾಗಿರುತ್ತದೆ, ಲೆವೆಲ್ ಸ್ವಿಚ್ ಸುಳ್ಳು ಹೇಳುತ್ತಿರುತ್ತದೆ. ಕೆವಿ ಕಮ್ಮಿ, ಮಿಲಿಆಂಪ್ ಜಾಸ್ತಿ, ಸ್ಪಾರ್ಕ್ ಇಲ್ಲವೇ ಇಲ್ಲ ಅಂದರೆ ಬ್ಯಾಕ್ ಕೊರೋನಾ. ಖಾತ್ರಿ ಬೇಕಾದರೆ ಕರೆಂಟ್ ಮೆಲ್ಲಗೆ ಏರಿಸುತ್ತಾ ಕೆವಿ ಬರೆದುಕೊಳ್ಳಿ. ಒಂದು ಹಂತದ ಮೇಲೆ ಕರೆಂಟ್ ಏರಿದಂತೆ ಕೆವಿ ಇಳಿಯತೊಡಗಿದರೆ, ಆ ತಿರುವಿನ ಕೆಳಗೇ ನಿಮ್ಮ ಕರೆಂಟ್ ಲಿಮಿಟ್ ಇಡಿ.

ಒಳಗೆ ಇಳಿಯುವ ಮಾತು ಬಂದಾಗ ಮಾತ್ರ ಒಂದು ಗದರಿಕೆ. ಟಿಆರ್ ಆಫ್ ಆಯಿತು ಅಂದರೆ ಫೀಲ್ಡ್ ಸತ್ತಿತು ಅಂತಲ್ಲ, ಚಾರ್ಜ್ ಉಳಿದಿರುತ್ತದೆ. ಕೀ ಇಂಟರ್‌ಲಾಕ್ (ಸಪ್ಲೈ ಆಫ್ ಆಗದೆ ಬಾಗಿಲು ತೆರೆಯಲು ಬಿಡದ ಬೀಗದ ವ್ಯವಸ್ಥೆ) ಬೈಪಾಸ್ ಮಾಡುವವರ ಜೊತೆ ಕೆಲಸ ಮಾಡಬೇಡಿ. ಅರ್ಥ್ ರಾಡ್ ಹಾಕದೆ ಬಾಗಿಲೊಳಗೆ ಕೈ ಇಡಬೇಡಿ. ಹಾಪರ್‌ನ ಬೂದಿ ಮೇಲೆ ತಣ್ಣಗಿದ್ದರೂ ಒಳಗೆ ಬಿಸಿ ಇರುತ್ತದೆ, ಒಮ್ಮೆಲೇ ಕುಸಿಯುತ್ತದೆ.

ಓವರ್‌ಹಾಲ್ ಮುಗಿದ ಮೇಲೆ, ಬಾಯ್ಲರ್ ಹಚ್ಚುವ ಮೊದಲು, ಎಲ್ಲ ಫೀಲ್ಡ್‌ಗೂ ಬರೀ ಗಾಳಿಯಲ್ಲಿ ವೋಲ್ಟೇಜ್ ಕೊಟ್ಟು ಕೆವಿ-ಮಿಲಿಆಂಪ್ ಕರ್ವ್ ತೆಗೆದಿಡಿ. ಇಡೀ ಸ್ಥಾವರ ಲೈಟ್‌ಅಪ್‌ಗೆ ಅವಸರ ಮಾಡುತ್ತಿರುತ್ತದೆ, ಇದನ್ನು ಆಮೇಲೆ ನೋಡೋಣ ಅಂತಾರೆ. ಆಮೇಲೆ ಅಂದರೆ ಮುಂದಿನ ಓವರ್‌ಹಾಲ್‌ಗೇ. ಹೊಗೆಯಲ್ಲಿ ತೆಗೆದ ಕರ್ವ್ ಎಷ್ಟು ಕೆಟ್ಟಿದೆ ಅಂತ ಹೇಳಲು ಈ ಕಾಗದ ಬೇಕೇ ಬೇಕು, ಅದಿಲ್ಲದೆ ಹೊಸ ಟಿಆರ್ ಸೆಟ್‌ಗೆ ಯಾರಾದರೂ ಫೈಲ್ ತಂದರೆ ಸಹಿ ಹಾಕಬೇಡಿ.