ನರದ ಡಾಕ್ಟರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಏನು ಕೆಲಸ?

"ನೀವು ನರದ ಡಾಕ್ಟರಲ್ಲವೇ? ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡುವಂಥದ್ದು ಏನಿರುತ್ತದೆ?" ಮದುವೆ ಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರದು ತಪ್ಪಲ್ಲ. ನಮ್ಮ ಗುರುಗಳ ಕಾಲದಲ್ಲಿ ಲಕ್ವ ಹೊಡೆದವರನ್ನು ಮೊದಲು ಫಿಸಿಷಿಯನ್ ನೋಡುತ್ತಿದ್ದರು. ನರರೋಗ ತಜ್ಞರು ಮರುದಿನ ಬಂದು, ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಮಿದುಳಿನ ಯಾವ ಭಾಗ ಕೆಟ್ಟಿದೆ ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಹೇಳಿದ ಮೇಲೆ ಮಾಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

1995ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಮಿದುಳಿನ ರಕ್ತನಾಳ ಕಟ್ಟಿದ ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಮದ್ದನ್ನು ಲಕ್ವ ಹೊಡೆದ ಮೂರು ಗಂಟೆಯೊಳಗೆ ಕೊಟ್ಟರೆ ಹೆಚ್ಚು ಜನ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಎಂದು ಅದು ತೋರಿಸಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಯಾಯಿತು. ತೊಡೆಸಂದಿಯಿಂದ ನಳಿಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರಲ್ಲಿ ಗಟ್ಟಿಯಾಗಿ ನೆಲೆಯೂರಿತು. ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅದು ಉಪಯುಕ್ತ. ಹಾಗೆಂದು ಕಾಯುವಂತಿಲ್ಲ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ.

ಒಂದು ರಾತ್ರಿ 9 ಗಂಟೆ 5 ನಿಮಿಷಕ್ಕೆ ಹಳ್ಳಿಯ ಹೆಂಗಸೊಬ್ಬರನ್ನು ಕರೆತಂದರು. ಬಲಗೈ ಜೋತುಬಿದ್ದಿತ್ತು, ಮಾತು ನಿಂತಿತ್ತು. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದೆವು. ಸಕ್ಕರೆ ತೀರಾ ಇಳಿದರೂ ಲಕ್ವದಂತೆಯೇ ಕಾಣುವುದುಂಟು. ಸರಿಯಾಗಿತ್ತು. "ತಾಯಿ ಚೆನ್ನಾಗಿದ್ದುದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ?" ಎಂದು ಮಗನನ್ನು ಕೇಳಿದೆ. "ಸಂಜೆ, ಸಾರ್," ಎಂದ. ಸಂಜೆ ಎಂದರೆ ಐದೂ ಆಗಬಹುದು, ಏಳೂ ಆಗಬಹುದು. ಮದ್ದು ಕೊಡುವುದೂ ಬಿಡುವುದೂ ಅದರ ಮೇಲೆಯೇ ನಿಂತಿದೆ. ಮತ್ತೆ ಮತ್ತೆ ಕೇಳಿದಾಗ ಅವನಿಗೆ ಹೊಳೆಯಿತು: "ಡೈರಿಗೆ ಹಾಲು ಹಾಕಿ ಬಂದದ್ದು ಅವ್ವನೇ." ಅವರ ಸೆರಗಿನ ಗಂಟಿನಲ್ಲಿ ಡೈರಿಯ ಚೀಟಿ ಇತ್ತು. ಅದರ ಮೇಲೆ ಅಚ್ಚಾಗಿದ್ದ ಸಮಯ 6:22.

ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ತೂಕ 50 ಕಿಲೋ. ಕಿಲೋಗೆ 0.9 ಮಿಲಿಗ್ರಾಂನಂತೆ 45 ಮಿಲಿಗ್ರಾಂ ಮದ್ದು. ಹತ್ತರಲ್ಲೊಂದು ಪಾಲು ಒಮ್ಮೆಗೇ, ಉಳಿದದ್ದು ಒಂದು ಗಂಟೆಯ ಡ್ರಿಪ್‌ನಲ್ಲಿ. ಮೂರನೆಯ ದಿನ ಅವರು ತಾವೇ ಲೋಟ ಎತ್ತಿ ಕಾಫಿ ಕುಡಿದರು. ಹಾಲು ಕರೆಯುವಷ್ಟು ಹಿಡಿತ ಬೆರಳುಗಳಿಗೆ ಇನ್ನೂ ಬಂದಿಲ್ಲ.

ಲಕ್ವವೊಂದೇ ಅಲ್ಲ. ಐದು ನಿಮಿಷ ದಾಟಿಯೂ ನಿಲ್ಲದ ಫಿಟ್ಸ್, ಬಲಹೀನತೆ ಕಾಲಿನಿಂದ ಮೇಲೇರಿ ಉಸಿರಾಟಕ್ಕೇ ಕುತ್ತು ತರುವ ಗಿಲಾನ್-ಬಾರೆ ಎಂಬ ನರರೋಗ, ಹೃದಯ ನಿಂತು ಮತ್ತೆ ಮಿಡಿದರೂ ಎಚ್ಚರವಾಗದವರು, ಎಲ್ಲಕ್ಕೂ ಈಗ ನಮ್ಮನ್ನು ಕರೆಯುತ್ತಾರೆ. ಕರೆಯಲೇಬೇಕು. ಆದರೆ ನಮ್ಮ ರಾಜ್ಯದಲ್ಲಿ ನರರೋಗ ತಜ್ಞರು ಇರುವುದೇ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ. ಹಾಗಾಗಿ ಎಷ್ಟೋ ರಾತ್ರಿ ನಾನು ಓಡುವುದೂ ಇಲ್ಲ. ದೂರದ ಆಸ್ಪತ್ರೆಯ ಫಿಸಿಷಿಯನ್ ಸ್ಕ್ಯಾನನ್ನು ಮೊಬೈಲಿಗೆ ಕಳಿಸುತ್ತಾರೆ, ನಾನು ಹಾಸಿಗೆಯಲ್ಲೇ ಎದ್ದು ಕೂತು ನೋಡುತ್ತೇನೆ. ಅವರನ್ನೂ ಮೊದಲು ಕೇಳುವುದು ಅದೇ ಪ್ರಶ್ನೆ: ಕೊನೆಯದಾಗಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ?