ರಿಹರ್ಸಲ್ ಇಲ್ಲದೆ ಹೇಗೆ ನುಡಿಸ್ತೀರಿ?

ಹೋದ ಬೇಸಿಗೆಯಲ್ಲಿ ನಮ್ಮ ಸೋದರಮಾವ ಮೈಸೂರಿನಿಂದ ಎಡಿನ್‌ಬರೋಗೆ ಬಂದಿದ್ದರು. ಬುಧವಾರ ಸಂಜೆ ಅವರನ್ನೂ ಪಬ್ಬಿಗೆ ಕರೆದುಕೊಂಡು ಹೋದೆ. ಮೂಲೆಯ ಮೇಜಿನ ಸುತ್ತ ಒಂಬತ್ತು ಜನ ಕೂತು ಎರಡು ಗಂಟೆ ಐರಿಷ್, ಸ್ಕಾಟಿಷ್ ಟ್ಯೂನ್‌ಗಳನ್ನು ನುಡಿಸಿದೆವು. ಅವರಲ್ಲಿ ಮೂವರ ಮುಖ ನಾನು ನೋಡಿದ್ದೇ ಅವತ್ತು. ಹೊರಗೆ ಬಂದ ಕೂಡಲೇ ಮಾವ ಕೇಳಿದರು: "ಅಲ್ಲಮ್ಮಾ, ಎದುರಿಗೆ ಪುಸ್ತಕ ಇಲ್ಲ, ಕೈ ಆಡಿಸಿ ತೋರಿಸೋರಿಲ್ಲ. ನೀವೆಲ್ಲ ರಿಹರ್ಸಲ್ ಮಾಡೋದು ಯಾವಾಗ?"

ಊರಿಂದ ಬಂದವರು, ಆಫೀಸಿನವರು, ಎಲ್ಲರೂ ಇದನ್ನೇ ಕೇಳುತ್ತಾರೆ. ನಾವು ಸೇರಿ ರಿಹರ್ಸಲ್ ಮಾಡುವುದೇ ಇಲ್ಲ.

ಇದಕ್ಕೆ ಸೆಷನ್ ಅಂತ ಹೆಸರು. ಸ್ಟೇಜ್ ಇಲ್ಲ, ಟಿಕೆಟ್ ಇಲ್ಲ. ಒಬ್ಬಿಬ್ಬರಿಗೆ ಪಬ್ಬಿನವರು ಅಷ್ಟಿಷ್ಟು ದುಡ್ಡು ಕೊಟ್ಟು ಕರೆಸಿರುತ್ತಾರೆ. ಸೆಷನ್ ತಣ್ಣಗಾಗದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಉಳಿದವರು ನರ್ಸು, ಮೇಷ್ಟ್ರು, ನನ್ನ ಹಾಗೆ ಸಾಫ್ಟ್‌ವೇರಿನವರು. ನುಡಿಸುವಾಗ ಈ ವ್ಯತ್ಯಾಸ ಯಾರ ತಲೆಯಲ್ಲೂ ಇರುವುದಿಲ್ಲ.

ಇನ್ನು ಟ್ಯೂನ್‌ಗಳ ವಿಷಯ. ಇವು ಕುಣಿಯೋರಿಗಾಗಿ ಕಟ್ಟಿದವು. ಹಾಗಾಗಿ ಹೆಚ್ಚಿನವಕ್ಕೆ ಒಂದೇ ಅಳತೆ. ಎರಡು ಭಾಗ, ಒಂದೊಂದರಲ್ಲಿ 8 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಪ್ರತಿ ಭಾಗವೂ ಎರಡೆರಡು ಸಲ. ಒಟ್ಟು 32 ಬಾರ್ ಆದರೆ ಒಂದು ಸುತ್ತು ಮುಗಿಯಿತು. ಜಿಗ್ ಅಂದರೆ ತಕಿಟ ತಕಿಟ. ರೀಲ್ ಅಂದರೆ ತಕದಿಮಿ ತಕದಿಮಿ. ಸ್ಲಿಪ್ ಜಿಗ್‌ನಲ್ಲಿ ಮೂರು ತಕಿಟ. ಮಾವನಿಗೆ ಹೀಗೆ ಹೇಳಿದ ಮೇಲೆ ಥಟ್ ಅಂತ ಹೊಳೆಯಿತು. ಫಿಡಲ್ (ಅಂದರೆ ಪಿಟೀಲೇ), ಕೊಳಲು, ವಿಸಲ್, ಅಕಾರ್ಡಿಯನ್ ಎಲ್ಲವೂ ಒಂದೇ ಟ್ಯೂನ್ ಹಿಡಿದು ಹೋಗುತ್ತವೆ. ಗಮಕದ ಹಾಗಿರುವ ಸಣ್ಣ ತಿರುವುಗಳು ಮಾತ್ರ ಅವರವರ ಕೈಯಲ್ಲಿ.

ಒಂದು ಟ್ಯೂನನ್ನು ಸಾಮಾನ್ಯವಾಗಿ ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತೇವೆ. ಆ ಹಾರುವ ಗಳಿಗೆ ನನಗೆ ಪ್ರಾಣ. ಶುರು ಮಾಡಿದವರು ಕೊನೆಯ ಎರಡು ಬಾರ್ ಇರುವಾಗ ತಲೆ ಎತ್ತಿ ಸುತ್ತ ನೋಡುತ್ತಾರೆ. ಕೆಲವರು "ಹಪ್!" ಅನ್ನುತ್ತಾರೆ. ಮುಂದಿನದು ಯಾವುದು ಅಂತ ಅವರಿಗೆ ಮಾತ್ರ ಗೊತ್ತು. ಮೊದಲ ನಾಲ್ಕು ಸ್ವರ ಅವರೊಬ್ಬರದೇ. ಐದನೆಯದಕ್ಕೆ ಪಕ್ಕದವರು ಗುರುತು ಹಿಡಿದು ಸೇರುತ್ತಾರೆ. ಎರಡನೇ ಬಾರ್ ಹೊತ್ತಿಗೆ ಮೇಜು ಪೂರ್ತಿ ಒಳಗಿರುತ್ತದೆ. ಶ್ರುತಿ 'ಡಿ' ಇಂದ 'ಜಿ'ಗೆ ಸರಿದಿದ್ದರೆ ಮೈ ಜುಂ ಅನ್ನುತ್ತದೆ.

ಟ್ಯೂನ್ ಗೊತ್ತಿಲ್ಲದಿದ್ದರೆ? ಫಿಡಲ್ ತೊಡೆಯ ಮೇಲಿಟ್ಟು ಸುಮ್ನೆ ಕೇಳಬೇಕು. ನನ್ನ ಮೊದಲ ವರ್ಷ ಜಾಸ್ತಿ ಹೊತ್ತು ಹೀಗೇ ಕಳೆಯಿತು. ಬೌರಾನ್ ಅನ್ನೋ ಆಡಿನ ಚರ್ಮದ, ತಮಟೆಯಂಥ ವಾದ್ಯವಿದೆ. ಒಬ್ಬರು ಅದನ್ನು ಬಾರಿಸುತ್ತಿದ್ದರೆ ಇನ್ನೊಬ್ಬರು ತಮ್ಮದನ್ನು ಚೀಲದಿಂದ ತೆಗೆಯುವುದಿಲ್ಲ. ಗಿಟಾರಿನವರೂ ಅಷ್ಟೇ, ಇಬ್ಬರು ಬೇರೆ ಬೇರೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿದರೆ ಕೇಳೋಕಾಗಲ್ಲ. ಇದನ್ನು ಯಾರೂ ಬರೆದು ಅಂಟಿಸಿಲ್ಲ, ಕೂತು ಕೂತು ತಿಳಿಯುತ್ತದೆ.

ಪುಸ್ತಕಗಳು ಇಲ್ಲವೆಂದಲ್ಲ. ಐರ್ಲೆಂಡಿನ ಕಾರ್ಕ್ ಕಡೆಯ ಫ್ರಾನ್ಸಿಸ್ ಓ'ನೀಲ್ ಅಮೆರಿಕಕ್ಕೆ ಹೋಗಿ ಶಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದರು. ಅವರು ಸೇರಿಸಿದ 1,850 ಟ್ಯೂನ್‌ಗಳು 1903ರಲ್ಲಿ ಅಚ್ಚಾದವು. ಮಜಾ ಏನೆಂದರೆ ಅವರಿಗೆ ಸ್ವರ ಬರೆಯೋಕೆ ಬರುತ್ತಿರಲಿಲ್ಲ. ಅವರು ಕೇಳಿಸುತ್ತಿದ್ದರು, ಅವರದೇ ಇಲಾಖೆಯ ಜೇಮ್ಸ್ ಓ'ನೀಲ್ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ನಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿದೆ. ಪಬ್ಬಿನ ಮೇಜಿನ ಮೇಲೆ ಯಾರೂ ಇಡುವುದಿಲ್ಲ.

ಕಿವಿಯಿಂದ ಕಲಿಯೋದು ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ಪಿಟೀಲು ಕಲಿತದ್ದೂ ಟೀಚರ್ ನುಡಿಸಿದ್ದನ್ನು ತಿರುಗಿ ನುಡಿಸುತ್ತಾ. ಕಷ್ಟವಾದದ್ದು ಕೈಗೆ. ಅಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ತಂತಿಗಳನ್ನು ಸ ಪ ಸ ಪ ಅಂತ ಕೂಡಿಸುತ್ತಿದ್ದೆ. ಇಲ್ಲಿ ಕುರ್ಚಿ, ಗಲ್ಲದ ಕೆಳಗೆ ಫಿಡಲ್, ತಂತಿಗಳು ಜಿ ಡಿ ಎ ಇ.

ಮಾವನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ರಿಹರ್ಸಲ್ ಅವರವರ ಮನೆಯಲ್ಲಿ, ಒಬ್ಬೊಬ್ಬರೇ, ವರ್ಷಗಟ್ಟಲೆ ನಡೆದಿರುತ್ತದೆ. ಸದ್ಯ ನಾನೊಂದು ಸ್ಟ್ರಾಥ್‌ಸ್ಪೇ ಹಿಡಿದಿದ್ದೇನೆ. ಇದು ಸ್ಕಾಟ್ಲೆಂಡಿನದೇ ನಡೆ. ಮೊದಲು ಚುಟುಕು ಸ್ವರ ಕುಕ್ಕಿ, ಆಮೇಲೆ ಉದ್ದನೆಯದಕ್ಕೆ ಕೂರಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಎರಡು ವಾರದಿಂದ ಬಸ್ಸಿನಲ್ಲಿ ಕೇಳುತ್ತಿದ್ದೇನೆ. ಎರಡನೇ ಭಾಗ ಇನ್ನೂ ಕಮಾನಿಗೆ ಸಿಕ್ಕಿಲ್ಲ.