ಮಳೆಗಾಲಕ್ಕೆಂದು ಬಿಟ್ಟ ಎರಡು ಮಿಲಿಮೀಟರ್

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಹೋದ ವರ್ಷ ಫೆಬ್ರುವರಿಯಲ್ಲಿ ಚದುರಂಗದ ಮೇಜು ಮಾಡಲು ಕುಳಿತಾಗ ಅಳತೆಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡಿದ್ದೆ. ಮಳೆಗಾಲವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಶಿರಸಿಯ ಮನೆಯ ಅಟ್ಟದಲ್ಲಿ ಮುರಿದುಬಿದ್ದಿದ್ದ ಮಂಚದ ಬೀಟೆ ಕಪ್ಪು ಮನೆಗಳಿಗೂ ಚೌಕಟ್ಟಿಗೂ ಒದಗಿತು; ಬಿಳಿ ಮನೆಗಳಿಗೆ ರೇ ರೋಡಿನ ಮರದಂಗಡಿಯಿಂದ ಆ್ಯಶ್ ಎಂಬ ತಿಳಿಬಣ್ಣದ ಮರ ತಂದೆ. 64 ತುಂಡುಗಳನ್ನು ಒಂದೊಂದಾಗಿ ಜೋಡಿಸಬೇಕಿಲ್ಲ. 5 ಸೆಂಟಿಮೀಟರ್ ಅಗಲದ ನಾಲ್ಕು ಕಪ್ಪು, ನಾಲ್ಕು ಬಿಳಿ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಅಂಟಿಸಿ, ಒಣಗಿದ ಮೇಲೆ ಅಡ್ಡಲಾಗಿ ಅಷ್ಟೇ ಅಗಲಕ್ಕೆ ಕೊಯ್ದು, ಒಂದು ಬಿಟ್ಟು ಒಂದನ್ನು ತಿರುಗಿಸಿ ಮತ್ತೆ ಅಂಟಿಸಿದರೆ ಮಣೆ ಸಿದ್ಧವಾಗುತ್ತದೆ. ಪಂದ್ಯಗಳಿಗೆ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ಹೇಳುವ ಮನೆಯ ಅಳತೆಯೂ 5ರಿಂದ 6 ಸೆಂಟಿಮೀಟರ್. ಆದರೆ ಪ್ರತಿ ಪಟ್ಟಿಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಎಂಟನೆಯದಕ್ಕೆ ಬರುವಷ್ಟರಲ್ಲಿ ಅದು ನಾಲ್ಕಾಗಿ, ಮನೆಗಳ ಮೂಲೆಗಳು ಒಂದಕ್ಕೊಂದು ಮುಖ ತಿರುಗಿಸಿಕೊಳ್ಳುತ್ತವೆ.

ಚೌಕಟ್ಟಿನ ಸುತ್ತ ಕಾಲುವೆ ಕೊರೆದು 3 ಮಿಲಿಮೀಟರಿನ ಆ್ಯಶ್ ಗೆರೆಯೊಂದನ್ನು ಕೂರಿಸಿದೆ. ಮರದೊಳಗೆ ಚಿತ್ರ ಕೂರಿಸುವ ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಬೀಟೆಯಲ್ಲಿ ಆನೆ, ಅಂಬಾರಿಗಳನ್ನೇ ಕೂರಿಸುತ್ತಾರೆ; ನನ್ನದು ಬರಿಯ ಗೆರೆ, ಅದಕ್ಕೇ ಎರಡು ಭಾನುವಾರ ಬೇಕಾದವು. ಗೆರೆಯ ಪಟ್ಟಿಯನ್ನು ಕಾಲುವೆಗಿಂತ ಕೂದಲೆಳೆಯಷ್ಟು ಎತ್ತರಕ್ಕೆ ಬಿಟ್ಟು, ಅಂಟು ಒಣಗಿದ ಮೇಲೆ ಉಳಿಯನ್ನು ಮಲಗಿಸಿ ಹಿಡಿದು ಸವರಬೇಕು. ಅವಸರದಲ್ಲಿ ಒಂದು ಮೂಲೆಯನ್ನು ಚಕ್ಕೆ ಎಬ್ಬಿಸಿದೆ, ಅದು ಈಗಲೂ ಹಾಗೆಯೇ ಇದೆ.

ಜುಲೈನಲ್ಲಿ ಮಣೆ ಉಬ್ಬಿತು. ಮರ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಈ ಕ್ರಮದಲ್ಲಿ ಮಾಡಿದ ಮಣೆಯ ಎಲ್ಲ ಮನೆಗಳ ಎಳೆಯೂ ಒಂದೇ ದಿಕ್ಕಿಗಿರುವುದರಿಂದ ಅಷ್ಟೂ ಸೇರಿ ಒಂದೇ ಕಡೆಗೆ ತಳ್ಳಿ, ನಾನು ಬಿಗಿಯಾಗಿ ಅಂಟಿಸಿದ್ದ ಚೌಕಟ್ಟಿನ ಮೂಲೆಗಳನ್ನು ಬಾಯಿ ಬಿಡಿಸಿದವು. ಮೇಜಿಗೆ ಕಾಯಿಗಳನ್ನಿಡಲು ಮಾಡಿದ್ದ ಡ್ರಾಯರ್‌ಗಳಂತೂ ಅಲುಗಾಡಲಿಲ್ಲ. ಆಡಲು ಬಂದಿದ್ದ ಕೆಳಮನೆಯ ಶೆಟ್ಟರು ಎರಡು ಬಾರಿ ಎಳೆದು ನೋಡಿ, “ಇದೇನು ಮಾರಾಯ್ರೆ, ಡ್ರಾಯರೋ ತಿಜೋರಿಯೋ?” ಎಂದರು.

ಅಕ್ಟೋಬರಿನಲ್ಲಿ ಚೌಕಟ್ಟನ್ನು ಕೊಯ್ದು ತೆಗೆದೆ. ಈಗ ಮಣೆಯ ಅಂಚು ಚೌಕಟ್ಟಿನ ಒಳಬದಿಯ ಕಾಲುವೆಯೊಳಗೆ ಅಂಟಿಲ್ಲದೆ ಕುಳಿತಿದೆ, ಹಿಗ್ಗುವ ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಜಾಗವಿದೆ. ಡ್ರಾಯರಿನ ಪಕ್ಕೆಗಳನ್ನು ಸವರಿ ಮೇಣದಬತ್ತಿ ಉಜ್ಜಿದೆ. ಆಟಗಾರನ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕಾದ್ದರಿಂದ ಡ್ರಾಯರ್‌ಗಳ ಬದಿಯನ್ನು ಮೊದಲೇ ನೋಡಿಕೊಂಡು ಮಣೆಯನ್ನು ಕೂರಿಸಿದೆ. ಈ ಜುಲೈನಲ್ಲಿ ಶೆಟ್ಟರು ಒಂದೇ ಬೆರಳಿನಿಂದ ಡ್ರಾಯರ್ ಎಳೆದು, ಏನೂ ಹೇಳದೆ ಕಾಯಿಗಳನ್ನು ಜೋಡಿಸತೊಡಗಿದರು.